ಬೈಕರ್ ಬಡಾವಣೆ: ಬಾಡಿಗೆದಾರರ ಮಾತು ಎಷ್ಟು ನಡೆಯಿತು?

ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬೈಕರ್, ಟೈನ್ ನದಿಯತ್ತ ಇಳಿಯುವ ಗುಡ್ಡದ ಮೇಲಿನ ಕಾರ್ಮಿಕರ ಬಡಾವಣೆ. ಅಲ್ಲಿನ ವಿಕ್ಟೋರಿಯಾ ಕಾಲದ ಸಾಲುಮನೆಗಳಲ್ಲಿ ಎಷ್ಟಕ್ಕೋ ಬಚ್ಚಲುಮನೆಯೇ ಇರಲಿಲ್ಲ. ಅವನ್ನು ಕೆಡವಿ ಸರ್ಕಾರಿ ಬಾಡಿಗೆ ಮನೆಗಳನ್ನು ಕಟ್ಟಿಸಲು ನಗರಸಭೆ 1968ರಲ್ಲಿ ವಾಸ್ತುಶಿಲ್ಪಿ ರಾಲ್ಫ್ ಅರ್ಸ್ಕಿನ್ ಅವರನ್ನು ಸ್ವೀಡನ್ನಿನಿಂದ ಕರೆಸಿತು. ಮನೆ ಬದಲಾದರೂ ನೆರೆಹೊರೆ ಚದುರಬಾರದು ಎಂಬುದು ಯೋಜನೆಯ ಘೋಷಿತ ಗುರಿ. ಬೈಕರನ್ನು ಅಳೆಯಬೇಕಾದದ್ದೂ ಅದರಿಂದಲೇ.

ಅರ್ಸ್ಕಿನ್ ತಂಡ 1969ರಲ್ಲಿ ಬಡಾವಣೆಯ ನಡುವೆಯೇ, ಹಿಂದೆ ಶವಸಂಸ್ಕಾರದ ಏರ್ಪಾಡು ಮಾಡುತ್ತಿದ್ದವರ ಅಂಗಡಿಯಲ್ಲಿ, ಕಚೇರಿ ತೆರೆಯಿತು. ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ನಕ್ಷೆ ನೋಡಲು ಬಂದವರು ತಮ್ಮ ಮನೆಯ ಬೇರೆ ತಾಪತ್ರಯಗಳನ್ನೂ ಹೇಳಿಕೊಂಡು ಹೋಗುತ್ತಿದ್ದರು. ಮೊದಲ ಪ್ರಯೋಗವಾಗಿ ಜಾನೆಟ್ ಸ್ಕ್ವೇರ್‌ನಲ್ಲಿ 46 ಮನೆಗಳು ಎದ್ದವು. ಅಲ್ಲಿಗೆ ಹೋಗಲಿದ್ದ ಕುಟುಂಬಗಳೊಂದಿಗೆ ಕೂತು ವಿನ್ಯಾಸ ಚರ್ಚಿಸಲಾಯಿತು. ಸಭೆ ಕರೆದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರಕ್ಕಿಂತ ಇದು ಎಷ್ಟೋ ಮೇಲಿನದು.

ಆದರೆ ಬೈಕರಿಗೆ ಹೆಸರು ತಂದ ಉದ್ದನೆಯ 'ಗೋಡೆ' ಬೇರೆ ಕಥೆ. ಬಣ್ಣದ ಇಟ್ಟಿಗೆಯ ಈ ಬಹುಮಹಡಿ ಕಟ್ಟಡಸಾಲಿಗೆ ಉತ್ತರದಲ್ಲಿ ಪುಟ್ಟ ಕಿಟಕಿಗಳು, ದಕ್ಷಿಣದಲ್ಲಿ ಬಿಸಿಲಿಗೆ ತೆರೆದ ಬಾಲ್ಕನಿಗಳು. ಉತ್ತರಕ್ಕೆ ಹೆದ್ದಾರಿ ಬರುತ್ತದೆಂಬ ಲೆಕ್ಕ ಇದ್ದುದರಿಂದ, ಅದರ ಸದ್ದು ತಡೆಯಲು ಕಂಡುಕೊಂಡ ಜಾಣ ಉಪಾಯವಿದು. ಜಾಣತನ ವಾಸ್ತುಶಿಲ್ಪಿಯದು, ಹೆದ್ದಾರಿಯ ಯೋಜನೆ ಆಡಳಿತದ್ದು. ಬಾಡಿಗೆದಾರರು ಕೇಳಿ ಪಡೆದದ್ದಲ್ಲ.

ನಿಜವಾದ ಸೋಲು ನಕ್ಷೆಯಲ್ಲಿಲ್ಲ, ದಿನಗಣನೆಯಲ್ಲಿದೆ. ಕೆಡವುವ ಕೆಲಸ ಓಡಿತು, ಕಟ್ಟುವ ಕೆಲಸ ತೆವಳಿತು. ಅರ್ಧ ಬಿದ್ದ ಬೀದಿಗಳಲ್ಲಿ ವರ್ಷಗಟ್ಟಲೆ ಕಾಯಲಾರದೆ ಜನ ಬೇರೆಡೆ ಹೋದರು. ಸುಮಾರು 17,000 ಹಳೆಯ ನಿವಾಸಿಗಳಲ್ಲಿ ಹೊಸ ಬೈಕರಿನಲ್ಲಿ ಮನೆ ಸಿಕ್ಕಿದ್ದು ಐದರಲ್ಲೊಂದು ಪಾಲಿಗಿಂತ ಕಡಿಮೆ ಮಂದಿಗೆ. ಯಾವ ಬೀದಿಯನ್ನು ಯಾವಾಗ ಕೆಡವಬೇಕು, ಯಾರಿಗೆ ಯಾವ ಮನೆ ಎಂಬುದೆಲ್ಲ ನಗರಸಭೆಯ ಕೈಯಲ್ಲಿತ್ತು. ಬಾಡಿಗೆದಾರರಿರಲಿ, ಅರ್ಸ್ಕಿನ್ ಮಾತು ಕೂಡ ಅಲ್ಲಿ ನಡೆಯುವಂತಿರಲಿಲ್ಲ.

ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದು ಅದೇ 1969ರಲ್ಲಿ. ಬಾಲ್ಕನಿ, ಅಂಗಳ, ಕೋಣೆಗಳ ಮಟ್ಟಿಗೆ ಬೈಕರಿನ ಜನ ಆ ಏಣಿಯನ್ನು ಸಾಕಷ್ಟು ಹತ್ತಿದ್ದರು. ತೆರವಿನ ವಿಷಯ ಬಂದಾಗ ಅವರು ನೆಲದ ಮೇಲೇ ಇದ್ದರು. ಬೈಕರನ್ನು ಸಹಭಾಗಿತ್ವದ ಮಾದರಿಯೆಂದು ಹೊಗಳುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ.

2007ರಲ್ಲಿ ಬಡಾವಣೆ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಈಗ ಅದರ ಸ್ವರೂಪ ಬದಲಿಸಬೇಕಾದರೆ ವಿಶೇಷ ಅನುಮತಿ ಬೇಕು. ಇಟ್ಟಿಗೆಗೆ ಸಿಕ್ಕ ಈ ರಕ್ಷಣೆ ಹಳೆಯ ನೆರೆಹೊರೆಗೆ ಸಿಕ್ಕಿರಲಿಲ್ಲ. ಮನೆಗಳ ಒಡೆತನ ನಗರಸಭೆಯಿಂದ ಬೈಕರ್ ಸಮುದಾಯ ಟ್ರಸ್ಟಿಗೆ ಹೋದದ್ದು 2012ರಲ್ಲಿ, ಅರ್ಸ್ಕಿನ್ ತೀರಿಕೊಂಡು ಏಳು ವರ್ಷಗಳಾದ ಮೇಲೆ.