ಪೀಪಾಯಿಯೊಳಗಿನ ಬಿಸಿಲು

ರಾಗಿ, ಕಡಲೆಕಾಯಿ ನಂಬಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯವರು ‘ಅಮೃತ್ ಫ್ಯೂಷನ್’ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಕೇಳಲೇಬೇಕಾದ ಪ್ರಶ್ನೆ: ಇದರಲ್ಲಿ ನಮ್ಮ ನೆಲದ್ದು ಏನಿದೆ? ಬಾರ್ಲಿಯ ಹೆಚ್ಚು ಪಾಲು ಉತ್ತರ ಭಾರತದ್ದು. ಪೀಟ್ ಎಂಬ ಜೌಗುನೆಲದ ಮಣ್ಣಿನ ಹೊಗೆಯಲ್ಲಿ ಒಣಗಿಸಿದ ಉಳಿದ ಪಾಲು ಸ್ಕಾಟ್ಲೆಂಡಿನದು. ನಮ್ಮದು ಸೆಕೆ ಮಾತ್ರ. ಈ ವಿಸ್ಕಿಯ ಗುಣದೋಷಗಳೆರಡೂ ಹುಟ್ಟುವುದು ಆ ಸೆಕೆಯಿಂದಲೇ.

ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ರಮ್ಮು, ಬ್ರಾಂದಿ ಮಾರಿತು. ಮಗ ನೀಲಕಂಠ ಜಗದಾಳೆ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ವಿಸ್ಕಿ ಬಲ್ಲವರ ಊರಾದ ಗ್ಲಾಸ್ಗೋದಲ್ಲಿ. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನ ಮೂರನೇ ಶ್ರೇಷ್ಠ ವಿಸ್ಕಿ ಎಂದರು.

ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಆವಿಯಾಗುವುದು ಶೇ. 2ರಷ್ಟು. ಅಮೃತ್ ಡಿಸ್ಟಿಲರಿ ಇರುವ ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿ ಅದು ಶೇ. 10 ದಾಟುತ್ತದೆ. ಪಾವಗಡದ ಬೇಸಿಗೆ ಕಂಡವರಿಗೆ ಬೆಂಗಳೂರು ತಂಪೇ; ಆದರೂ ಇಷ್ಟು ನಷ್ಟ. ಅದೇ ಕಾವು ಮದ್ಯವನ್ನು ಓಕ್ ಮರದೊಳಕ್ಕೆ ಬೇಗ ಇಳಿಸಿ, ಅದರ ಸಾರ ಹೀರಿಸುತ್ತದೆ. ಅಲ್ಲಿ ಹತ್ತಾರು ವರ್ಷ ಬೇಡುವ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷಕ್ಕೇ ಕೈಗೆಟುಕುತ್ತದೆ.

ಫ್ಯೂಷನ್‌ನಲ್ಲಿ ಮೊದಲು ಸಿಗುವುದು ಬೆಲ್ಲದ ಪಾಕದಂಥ ದಟ್ಟ ಸಿಹಿ, ಆಮೇಲೆ ಕಪ್ಪು ಚಾಕೊಲೇಟಿನ ಕಹಿ. ಹೊಗೆ ಕೊನೆಗೆ ಬಂದು ತಡವಾಗಿ ಹೋಗುತ್ತದೆ. ಎರಡು ಬಾರ್ಲಿಗಳಲ್ಲಿ ಯಾವುದೂ ಇನ್ನೊಂದನ್ನು ತುಳಿಯದಿರುವುದೇ ಇದರ ದೊಡ್ಡ ಸಾಧನೆ. ಶೇ. 50ರ ಮದ್ಯಾಂಶಕ್ಕೆ ಕೆಲವು ಹನಿ ನೀರು ಬೇಕು. ಆಗಲೇ ಧಾನ್ಯದ ರುಚಿ ಬಿಚ್ಚಿಕೊಳ್ಳುತ್ತದೆ. ಕೊರತೆಯೂ ಇದೆ: ಮರದ ಒಗರು ಕೊನೆಯ ಗುಟುಕುಗಳಲ್ಲಿ ಮುಂದಾಗುತ್ತದೆ. ಹಳೆಯ ಸ್ಕಾಚ್‌ನ ನಿಧಾನದ ನಯ ಇಲ್ಲಿಲ್ಲ.

ಹಾಗೆಂದು ಆ ನಯವನ್ನೇ ಅಳತೆಗೋಲು ಮಾಡುವುದು ತಪ್ಪು. ಬಾಟಲಿಯ ಮೇಲಿನ ವಯಸ್ಸು ಚಳಿನಾಡಿನ ಲೆಕ್ಕ. ಸೆಕೆಯ ನಾಡಿನಲ್ಲಿ ಎಷ್ಟು ವರ್ಷ ಇಟ್ಟರು ಎಂಬುದಕ್ಕಿಂತ ಯಾವಾಗ ಇಳಿಸಿದರು ಎಂಬ ವಿವೇಕ ಮುಖ್ಯ. ಫ್ಯೂಷನ್ ಆ ವಿವೇಕವನ್ನು ಕಲಿತಿದೆ, ಅದಕ್ಕೇ ಅದು ಸ್ಕಾಚ್‌ನ ನಕಲಲ್ಲ. ಹವೆಯನ್ನು ಹೀಗೆ ತನ್ನದಾಗಿಸಿಕೊಂಡವರು ಧಾನ್ಯದ ಕಡೆಗೂ ತಿರುಗಬೇಕು. ಮನೆಮನೆಯಲ್ಲೂ ಮೊಳಕೆ ಕಟ್ಟಿ ಹುರಿಟ್ಟು ಮಾಡುವ ರಾಗಿ ನಮ್ಮಲ್ಲಿದೆ. ಇದೇ ಶ್ರದ್ಧೆ ಅದಕ್ಕೂ ಸಲ್ಲಬೇಕು.