ಹಿರಿಯರ ಕಪಾಟು, ಕಿರಿಯರ ಕಪಾಟು

ಹಿರಿಯರ ಪುಸ್ತಕ, ಮಕ್ಕಳ ಪುಸ್ತಕ ಎಂಬ ವಿಂಗಡಣೆ ಇಂದಿನ ಗ್ರಂಥಾಲಯಗಳ ಕಪಾಟಿನಲ್ಲಿ ಎಷ್ಟು ಗಟ್ಟಿಯಾಗಿದೆಯೋ, ಹೊಸಗನ್ನಡದ ದೊಡ್ಡ ಲೇಖಕರ ಬರವಣಿಗೆಯಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ. 'ಚೋಮನ ದುಡಿ'ಯನ್ನು ಬರೆದ ಶಿವರಾಮ ಕಾರಂತರೇ ಅದೇ 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಸಿದ್ಧಪಡಿಸಿದರು. ಕುಡುಕ ರತ್ನನ ಬಾಯಲ್ಲಿ 'ರತ್ನನ ಪದಗಳು' ಹಾಡಿಸಿದ ಜಿ.ಪಿ. ರಾಜರತ್ನಂ ಅವರೇ 'ತುತ್ತೂರಿ'ಯ ಶಿಶುಗೀತೆಗಳನ್ನು ಕಟ್ಟಿದರು. 'ಶ್ರೀ ರಾಮಾಯಣ ದರ್ಶನಂ' ಕವಿಯೇ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಕವಿಯೂ ಆಗಿದ್ದರು. ಮಕ್ಕಳಿಗಾಗಿ ಬರೆಯುವುದು ಬಿಡುವಿನ ವೇಳೆಯ ಕೆಲಸವೆಂದು ಇವರಾರೂ ಭಾವಿಸಲಿಲ್ಲವೆಂಬುದಕ್ಕೆ ಆ ಕೃತಿಗಳ ಭಾಷೆಯೇ ಸಾಕ್ಷಿ. ಆದ್ದರಿಂದ ಒಂದು ಮನೆಗೋ ಬಡಾವಣೆಯ ವಾಚನಾಲಯಕ್ಕೋ ಎಲ್ಲ ವಯಸ್ಸಿನವರಿಗೆಂದು ಪುಸ್ತಕಗಳನ್ನು ಆಯ್ದಾಗ, ಆ ಆಯ್ಕೆಯನ್ನು ಅಳೆಯಬೇಕಾದದ್ದು ಪುಸ್ತಕಗಳ ಎಣಿಕೆಯಿಂದಲ್ಲ. ಕಿರಿಯ ಓದುಗನನ್ನು ಹಿರಿಯರ ಕಪಾಟಿನವರೆಗೆ ಕೈಹಿಡಿದು ನಡೆಸುವ ಶಕ್ತಿ ಅದಕ್ಕಿದೆಯೇ ಎಂಬುದರಿಂದ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂಥ ವಸತಿ ಪ್ರದೇಶದ ಓದುಗರು ಇಂಥ ಲೇಖಕನಿಗಾಗಿ ದೂರ ಹುಡುಕಬೇಕಿಲ್ಲ. ಎಚ್.ಎಸ್. ವೆಂಕಟೇಶಮೂರ್ತಿ (1944–2025) ಹುಟ್ಟಿದ್ದು ಇದೇ ಜಿಲ್ಲೆಗೆ ಈಗ ಸೇರಿರುವ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. 'ಸಿಂದಬಾದನ ಆತ್ಮಕಥೆ'ಯ ಕವಿತೆಗಳಿಂದ 'ಬುದ್ಧಚರಣ' ಮಹಾಕಾವ್ಯದವರೆಗೆ ಹಿರಿಯರಿಗಾಗಿ ಬರೆದ ಈ ಕವಿ, 'ಹಕ್ಕಿಸಾಲು' ಎಂಬ ಮಕ್ಕಳ ಕವಿತೆಗಳನ್ನೂ 'ಚಿನ್ನಾರಿ ಮುತ್ತ' ಚಿತ್ರದ ಹಾಡುಗಳನ್ನೂ ಬರೆದರು. ಇವರ ಮಕ್ಕಳ ಪದ್ಯಗಳ ಹೆಚ್ಚುಗಾರಿಕೆ ಇರುವುದು ಲಯದಲ್ಲಿ: ಮಾತಿನ ನಡಿಗೆ ಕೆಡದಂತೆ ಪ್ರಾಸ ತಾನಾಗಿ ಬಂದು ಕೂಡುತ್ತದೆ, ನೀತಿಯನ್ನು ಹೇಳಬೇಕೆಂಬ ಅವಸರ ಎಲ್ಲಿಯೂ ಇಲ್ಲ. ಎಂಟನೆಯ ವಯಸ್ಸಿನಲ್ಲಿ ಈ ಲಯಕ್ಕೆ ಕಿವಿಗೊಟ್ಟ ಮಗು ಹದಿನೆಂಟರಲ್ಲಿ ಇದೇ ಕವಿಯ ಕಾವ್ಯವನ್ನು ಅಪರಿಚಿತವೆಂದು ಬದಿಗಿಡಲಾರದು. ಜಿಲ್ಲೆಯ ಯಾವ ಪುಸ್ತಕ ಸಂಗ್ರಹದಲ್ಲಿಯೂ ಇವರ ಎರಡೂ ಬಗೆಯ ಕೃತಿಗಳು ಒಟ್ಟಿಗೆ ಇರಬೇಕಾದದ್ದು ಊರಿನ ಅಭಿಮಾನಕ್ಕಾಗಿ ಮಾತ್ರವಲ್ಲ.

ಒಬ್ಬ ಲೇಖಕನ ಬದಲು ಒಂದು ಯೋಜನೆಯೇ ಎರಡೂ ವಯಸ್ಸುಗಳನ್ನು ಗಮನದಲ್ಲಿಟ್ಟುಕೊಂಡ ನಿದರ್ಶನ ನಿರಂಜನರದು. ಕಯ್ಯೂರಿನ ರೈತರ ಹೋರಾಟವನ್ನು 'ಚಿರಸ್ಮರಣೆ' ಕಾದಂಬರಿಯಾಗಿಸಿದ ಇವರು, ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶಕ್ಕೂ, ನವಕರ್ನಾಟಕ ಪ್ರಕಾಶನ ಹೊರತಂದ 25 ಸಂಪುಟಗಳ 'ವಿಶ್ವಕಥಾಕೋಶ'ಕ್ಕೂ ಪ್ರಧಾನ ಸಂಪಾದಕರಾಗಿದ್ದರು. ವಿಶ್ವಕೋಶವೆಂದರೆ ಸಾಮಾನ್ಯವಾಗಿ ಅಕಾರಾದಿಯಾಗಿ ಜೋಡಿಸಿದ, ಬೇಕಾದಾಗ ತೆರೆದು ನೋಡುವ ಗ್ರಂಥ; 'ಜ್ಞಾನಗಂಗೋತ್ರಿ'ಯಾದರೋ ವಿಷಯವಾರು ಜೋಡಣೆಯದಾದ್ದರಿಂದ, ಒಂದು ಪುಟ ತೆರೆದವನು ಮುಂದಿನ ಪುಟಕ್ಕೆ ತಾನಾಗಿ ಸರಿಯುತ್ತಾನೆ. ಅದರ ವಿಜ್ಞಾನ ಭಾಗ ಇಂದು ಹಳತಾಗಿದೆ, ಸಂಪುಟದ ಗಾತ್ರ ಮಗುವಿನ ಕೈಗೆ ಭಾರವಾಗಿದೆ. ಆದರೂ ಕಠಿಣ ವಿಷಯವನ್ನು ಮಗುವಿಗೆ ಹೇಳುವಾಗ ಕನ್ನಡ ತೊದಲಬೇಕಾಗಿಲ್ಲವೆಂದು ಅದು ತೋರಿಸಿಕೊಟ್ಟಿತು, ಈ ಸಾಧನೆ ಹಳತಾಗುವಂಥದಲ್ಲ. 'ವಿಶ್ವಕಥಾಕೋಶ'ದ ಮಾತು ಬೇರೆ. ಹಲವು ಅನುವಾದಕರ ಕೈ ಸೇರಿರುವುದರಿಂದ ಭಾಷೆಯ ಹದ ಸಂಪುಟದಿಂದ ಸಂಪುಟಕ್ಕೆ ಏರಿಳಿಯುತ್ತದೆ. ಅನೇಕ ಕಥೆಗಳು ಇಂಗ್ಲಿಷಿನ ಮೂಲಕ ಬಂದಿರುವುದು ಕೆಲವು ವಾಕ್ಯಗಳ ಕಟ್ಟಿನಲ್ಲಿಯೇ ತಿಳಿಯುತ್ತದೆ. ಈ ಕೊರತೆಯಿದ್ದರೂ ಆಫ್ರಿಕದ, ಚೀನದ, ಲ್ಯಾಟಿನ್ ಅಮೆರಿಕದ ಜನರ ಸುಖದುಃಖಗಳನ್ನು ಕನ್ನಡ ಮಾತ್ರ ಬಲ್ಲ ಓದುಗನ ಅಂಗೈಗೆ ತಂದ ಇಷ್ಟು ದೊಡ್ಡ ಕೆಲಸ ಕನ್ನಡದಲ್ಲಿ ವಿರಳ.

ಇದೇ ತೂಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತಿನ 'ಭಾರತ-ಭಾರತಿ' ಮಾಲೆಯನ್ನು ಇಡಲಾಗದು. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಬಂದ, ಮಹನೀಯರ ಬಾಳನ್ನು ಹೇಳುವ, ಐನೂರನ್ನು ಮೀರಿದ ಈ ಕಿರುಹೊತ್ತಗೆಗಳು ಬೆಲೆಯಲ್ಲಿ, ಗಾತ್ರದಲ್ಲಿ, ತಿಳಿಯಾದ ಗದ್ಯದಲ್ಲಿ ಮಾದರಿಯಾದವು, ಅಸಂಖ್ಯ ಮಕ್ಕಳಿಗೆ ಮೊದಲ ಸ್ವಂತ ಪುಸ್ತಕವಾದವು. ಆದರೆ ಇಲ್ಲಿನ ಮಹನೀಯರು ತಪ್ಪು ಮಾಡುವುದು ಅಪರೂಪ, ಸಂದೇಹಕ್ಕೆ ಒಳಗಾಗುವುದು ಇನ್ನೂ ಅಪರೂಪ; ಒಂದೇ ಅಚ್ಚಿನ ಬಾಳುಗಳನ್ನು ಸಾಲಾಗಿ ಓದಿದ ಮಗುವಿಗೆ ಗೌರವ ಬೆಳೆದಷ್ಟು ಕುತೂಹಲ ಬೆಳೆಯುವುದಿಲ್ಲ.

ಆಯ್ಕೆಗಳು ಸೋಲುವ ಜಾಗ ಹನ್ನೊಂದರಿಂದ ಹದಿನಾರರ ವಯಸ್ಸು. ಚಿತ್ರಪುಸ್ತಕಗಳಿಗೆ ಇಂದು ಬರವಿಲ್ಲ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್ ಮೊದಲಾದವು ಒದಗಿಸುವ ಪುಸ್ತಕಗಳ ಚಿತ್ರಗಳು ಸೊಗಸಾಗಿವೆ, ಆದರೆ ಅವುಗಳಲ್ಲಿನ ಅನುವಾದಗಳ ಕನ್ನಡ ಹಲವೆಡೆ ಯಾವ ಊರಿನದೂ ಅಲ್ಲದ ಗ್ರಾಂಥಿಕ ಭಾಷೆಯಾಗಿದ್ದು, ದಾವಣಗೆರೆಯ ಮಗುವಿನ ಕಿವಿಗೆ ಅದರಲ್ಲಿ ಮನೆಮಾತಿನ ಬಿಸಿ ತಾಗುವುದಿಲ್ಲ. ಚಿತ್ರಪುಸ್ತಕ ಮುಗಿದ ಮೇಲೆ ಪರೀಕ್ಷೆಯ ಗೈಡುಗಳು ಬರುತ್ತವೆ, ಕಾಲೇಜುಗಳ ಊರೆಂದು ಹೆಸರಾದ ದಾವಣಗೆರೆಯಲ್ಲಿ ಇದು ಇನ್ನೂ ಬೇಗ. ಈ ನಡುವಣ ಕಂದರವನ್ನು ದಾಟಿಸಲು ಪೂರ್ಣಚಂದ್ರ ತೇಜಸ್ವಿಯವರಷ್ಟು ಬಲವಾದ ಸೇತುವೆ ಕನ್ನಡದಲ್ಲಿ ಮತ್ತೊಂದಿಲ್ಲ. 'ಪರಿಸರದ ಕತೆ'ಯನ್ನು ಹನ್ನೆರಡರ ಬಾಲಕಿಯೂ ಅವಳ ಅಜ್ಜನೂ ಒಂದೇ ಉತ್ಸಾಹದಿಂದ ಓದಬಲ್ಲರು. 1980ರ 'ಕರ್ವಾಲೊ' ಹಾರುವ ಓತಿಯ ಹುಡುಕಾಟವಾಗಿ ಕಿರಿಯರನ್ನು ಸೆಳೆದು, ಕಾಲದ ಕುರಿತ ಚಿಂತನೆಯಾಗಿ ಹಿರಿಯರನ್ನು ಹಿಡಿದಿಡುತ್ತದೆ. ಯಾವ ಸಂಗ್ರಹವೇ ಆಗಲಿ, ಈ ಬಗೆಯ ಪುಸ್ತಕಗಳು ಅದರಲ್ಲಿ ಇಲ್ಲವಾದರೆ, ಮಿಕ್ಕದ್ದೆಲ್ಲ ಎಷ್ಟೇ ವೈವಿಧ್ಯಮಯವಾಗಿದ್ದರೂ ಅದು ಅರೆಬರೆಯೇ.

ಇಂಥ ಆಯ್ಕೆಯನ್ನು ಕೇಳಿ ಪಡೆಯುವ ಹಕ್ಕು ಓದುಗರಿಗೆ ಆಗಲೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ, ಅಂದರೆ ಪುಸ್ತಕ ಮತ್ತು ವಾಚನಾಲಯಗಳಿಗೆಂದೇ ಮೀಸಲಾದ ಹಣ, ಸಂಗ್ರಹವಾಗುತ್ತದೆ. ಅದರ ಪ್ರಮಾಣ ಶೇಕಡಾ 6. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆಯ ತೆರಿಗೆ ಕಟ್ಟುವವರು ಪುಸ್ತಕಗಳಿಗೂ ಹಣ ಕಟ್ಟುತ್ತಿದ್ದಾರೆ. ಗ್ರಂಥಾಲಯಕ್ಕೆ ಹೋಗಿ ಹನ್ನೆರಡು ವರ್ಷದ ಮಗುವಿಗೆ ಏನಿದೆಯೆಂದು ಅವರು ಕೇಳಬೇಕು, ಇಲ್ಲದಿದ್ದರೆ ಬೇಕಾದ ಪುಸ್ತಕಗಳ ಪಟ್ಟಿಯನ್ನು ಬರೆದುಕೊಡಬೇಕು.