ಹತ್ತು ನಿಮಿಷದ ಭರವಸೆ

ಚೆನ್ನೈನ ಪಶ್ಚಿಮ ಮಾಂಬಲದಲ್ಲಿ ಸಂಜೆ ಹೊತ್ತು ಮೆಡಿಕಲ್ ಶಾಪಿನ ಮುಂದೆ ನಿಂತರೆ ಇದು ಕಣ್ಣಿಗೆ ಬೀಳುತ್ತದೆ. ಮಂಡಿನೋವೆಂದು ಬಂದವರಿಗೆ ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕುತ್ತಾರೆ. ಜೊತೆಗೊಂದು ಮಾತು: ‘ಪತ್ತು ನಿಮಿಷತ್ತುಲ ವಲಿ ಪೋಯಿಡುಂ.’ ಹತ್ತೇ ನಿಮಿಷದಲ್ಲಿ ನೋವು ಹೋಗುತ್ತದಂತೆ! ಈ ಮಾತು ತಪ್ಪು, ಅಪಾಯಕಾರಿಯೂ ಹೌದು.

ಮಾತ್ರೆ ಮೊದಲು ಒಡೆಯಬೇಕು, ಕರಗಬೇಕು, ರಕ್ತ ಸೇರಬೇಕು, ಆಮೇಲೆ ನೋವು ಕೆರಳಿಸುವ ಪ್ರೊಸ್ಟಗ್ಲ್ಯಾಂಡಿನ್‌ಗಳ ತಯಾರಿ ತಡೆಯಬೇಕು. ಐಬುಪ್ರೊಫೇನ್‌ಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ; ಊಟದ ಮೇಲಾದರೆ ಇನ್ನೂ ತಡ. ಡೈಕ್ಲೊಫೆನಾಕ್‌ನಲ್ಲೇ ಎರಡು ಬಗೆ. ಪೊಟ್ಯಾಸಿಯಂ ಲವಣದ್ದು ಬೇಗ ಹತ್ತುತ್ತದೆ. ಸೋಡಿಯಂ ಲವಣದ ಸಾಮಾನ್ಯ ಮಾತ್ರೆಗೆ ಆಮ್ಲದಲ್ಲಿ ಕರಗದ ಲೇಪವಿರುತ್ತದೆ, ಕರುಳಿಗಿಳಿದ ಮೇಲೇ ಅದು ಬಿಚ್ಚಿಕೊಳ್ಳುವುದು. ಎರಡು ಗಂಟೆಯಾದರೂ ಆಶ್ಚರ್ಯವಿಲ್ಲ. ಇನ್ನು ಕೀಲಿನ ಊತ ಇಳಿಯಲು ದಿನಗಳೇ ಬೇಕು.

ನಮ್ಮಮ್ಮ ಅಂಥದೊಂದು ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕೂತಿದ್ದರು. ಇಪ್ಪತ್ತು ನಿಮಿಷಕ್ಕೆ, ‘ಇದು ಡೂಪ್ಲಿಕೇಟ್ ಇರಬೇಕು ಕಣೋ’ ಎನ್ನುತ್ತ ಎರಡನೆಯದಕ್ಕೆ ಕೈಹಾಕಿದರು. ನಾನು ಕವರು ಕಿತ್ತುಕೊಂಡು ನೋಡಿದೆ. ಕತ್ತರಿಸಿದ ತುಂಡಿನ ಮೇಲೆ ಹೆಸರಿನ ಬಾಲವಷ್ಟೇ ಉಳಿದಿತ್ತು. ಎಷ್ಟು ಮಿಲಿಗ್ರಾಂ, ಯಾವ ಲವಣ, ಎಂದಿನವರೆಗೆ ಬಳಸಬಹುದು, ಒಂದೂ ಇರಲಿಲ್ಲ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಬರುವುದು ಹೀಗೆ ಒಂದರ ಮೇಲೊಂದು ನುಂಗುವುದರಿಂದಲೂ ಹೌದು. ಬೆವರಿ ಮೈಯ ನೀರಿಳಿಯುವ ಚೆನ್ನೈ ಬೇಸಿಗೆಯಲ್ಲಂತೂ ಮೂತ್ರಪಿಂಡಕ್ಕೆ ಅಪಾಯ ಹೆಚ್ಚು.

ಎಲ್ಲ ದೂರೂ ಅಂಗಡಿಯವರ ಮೇಲಲ್ಲ. 2016ರಲ್ಲಿ ಕಾಂಬಿಫ್ಲಾಮ್ ಎಂಬ ನೋವಿನ ಮಾತ್ರೆಯ ಕೆಲವು ಬ್ಯಾಚ್‌ಗಳು ನಿಗದಿತ ಸಮಯದಲ್ಲಿ ಒಡೆಯುತ್ತಿಲ್ಲವೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೇಳಿತು, ಕಂಪನಿ ಅವನ್ನು ಹಿಂಪಡೆಯಿತು. ಆದರೆ ಡೈಕ್ಲೊಫೆನಾಕ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದು. ಕೌಂಟರಿನಲ್ಲಿ ಅದು ಶುಂಠಿ ಮಿಠಾಯಿಯಂತೆ ಕೈಬದಲಾಗುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು. ಈಶಾನ್ಯ ಮಾರುತದ ಮಳೆಯ ಹಿಂದೆಯೇ ಡೆಂಗಿ ಬರುತ್ತದೆ. ಆಗ ಮೈಕೈ ನೋವೆಂದು ಐಬುಪ್ರೊಫೇನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಭಯವಿದೆ. ಜ್ವರವಿದ್ದಾಗ ಪ್ಯಾರಸಿಟಮಾಲ್ ಸಾಕು, ವೈದ್ಯರನ್ನು ಕಾಣಿ. ಮಾತ್ರೆ ಕೊಂಡಾಗ ಹೆಸರೂ ಗಡುವೂ ಇರುವ ತುಂಡನ್ನೇ ಕೇಳಿ ಪಡೆಯಿರಿ.